ಫಾಯಿಲ್ ಸುತ್ತಿದ ಸೀಸೆ

ಜೋಯಿಗೆ ಸೊನ್ನೆ ಹಾಕಬೇಕಂತೆ! ಕಂಡದ್ದನ್ನು ಕಂಡಂತೆ ಬರೆದ ತಪ್ಪಿಗೆ!

ಮೆಲ್ಬರ್ನಿನಲ್ಲಿ ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಲ್ಯಾಬ್ ಮಾಡಿಸುವ ಧಾರವಾಡದ ಜಲಜಾಳಿಗೆ ಮೈಯೆಲ್ಲ ಉರಿದುಹೋಯಿತು. ಪ್ರಯೋಗವೇನು ಬ್ರಹ್ಮವಿದ್ಯೆಯಲ್ಲ. ಎರಡು ಸೀಸೆಗಳಲ್ಲಿ ಕಿತ್ತಳೆ ಬಣ್ಣದ ದ್ರಾವಣ. ನೀಲಿ ದೀಪದ ಕೆಳಗಿಟ್ಟರೆ ಒಂದರ ಬಣ್ಣ ಮಾಸುತ್ತದೆ. ಫಾಯಿಲ್ ಸುತ್ತಿಟ್ಟ ಇನ್ನೊಂದು ಮಾಸಬಾರದು. ಬಣ್ಣ ತೆಗೆದದ್ದು ಬೆಳಕೇ ಎಂದು ಮಕ್ಕಳಿಗೆ ಮನದಟ್ಟಾಗುವುದು ಹಾಗೆ. ಆದರೆ ಸಿಡ್ನಿಯಿಂದ ಬಂದ ಮ್ಯಾನ್ಯುಯಲ್‌ನಲ್ಲಿ ಸುತ್ತಲೂ ಫಾಯಿಲ್ ಸುತ್ತಿ ಎಂದಿತ್ತೇ ಹೊರತು ಮೇಲೂ ಮುಚ್ಚಿ ಎಂದಿರಲಿಲ್ಲ. ದೀಪ ಇದ್ದದ್ದೇ ಮೇಲೆ! ಸಂಜೆ ತೊಳೆಯಲೆಂದು ಫಾಯಿಲ್ ಬಿಚ್ಚಿದಾಗ ಜಲಜಾ ಕಣ್ಣಾರೆ ಕಂಡಳು, ಎಲ್ಲರ ಸೀಸೆಯೂ ಬಿಳಚಿಕೊಂಡಿತ್ತು. ಇಡೀ ಕ್ಲಾಸು ಮಾತ್ರ ನಾಚಿಕೆಯಿಲ್ಲದೆ "ಬಣ್ಣ ಬದಲಾಗಿಲ್ಲ" ಎಂದು ಬರೆದಿತ್ತು. "ಇದೂ ಮಾಸಿದೆ, ಯಾಕೋ ಗೊತ್ತಿಲ್ಲ" ಎಂದವಳು ಜೋಯಿ ಒಬ್ಬಳೇ. ಆನ್ಸರ್ ಕೀಯಲ್ಲಿದ್ದದ್ದೂ "ಬಣ್ಣ ಬದಲಾಗಿಲ್ಲ" ಎಂದೇ, ಬೇರೆ ಬರೆದರೆ ಸೊನ್ನೆ. ಸೊನ್ನೆ ಬಿದ್ದರೆ ಆ ಹುಡುಗಿ ಲ್ಯಾಬಿನಲ್ಲಿ ಫೇಲ್.

ಮ್ಯಾನ್ಯುಯಲ್ ಬರೆದವರು ಸಿಡ್ನಿ ಕ್ಯಾಂಪಸ್ಸಿನಲ್ಲಿ ಕೂತು ಕೋರ್ಸ್ ನಡೆಸುವ ಮೈಸೂರಿನ ಪ್ರತಾಪ್ ಎಂಬ ಮಹಾಶಯರು. ಜಲಜಾ ತಡಮಾಡದೆ ಅವರಿಗೆ ವಿಡಿಯೊ ಕಾಲ್ ಮಾಡಿದಳು.

"ಆನ್ಸರ್ ಕೀ ಪ್ರಕಾರ ಮಾರ್ಕ್ಸ್ ಹಾಕಿ ಜಲಜಾ. ಸಿಡ್ನಿಲಿ ಯಾರಿಗೂ ಪ್ರಾಬ್ಲಮ್ ಆಗ್ಲಿಲ್ವಲ್ಲ?"

"ಅಲ್ಲೂ ಎಲ್ಲಾರೂ ಸುಳ್ಳು ಬರದಾರ್ರೀ ಸರ್! ಮ್ಯಾಲ ಮುಚ್ಚರಿ ಅಂತ ನೀವು ಎಲ್ಲೆ ಬರದೀರಿ?"

ಪ್ರತಾಪ್ ಕನ್ನಡಕ ಸರಿಪಡಿಸಿಕೊಂಡರು. "ಒಂದು ಹುಡುಗಿಗೋಸ್ಕರ ಇಷ್ಟೆಲ್ಲ ರಾದ್ಧಾಂತ ಬೇಕಾ?"

"ಬೇಕ್ರಿ! ಕಂಡದ್ದು ಬರದಾಕಿಗೆ ಸೊನ್ನಿ, ಕಾಣಲಾರದ್ದು ಬರದವ್ರಿಗೆ ಫುಲ್ ಮಾರ್ಕ್ಸ್! ಇದಕ್ಕ ಯಾಕ ಲ್ಯಾಬ್ ಬೇಕು, ಯಾಕ ದೀಪ ಬೇಕು? ಆ ಸೊನ್ನಿ ನಾ ಹಾಕೂದಿಲ್ಲ. ಬೇಕಾದ್ರ ನನ್ನ ಕೆಲಸಾ ತಗೀರಿ."

ಅತ್ತಲಿಂದ ದೊಡ್ಡದೊಂದು ನಿಟ್ಟುಸಿರು ಬಂತು. "ಆಯ್ತಮ್ಮ, ಹಾಕಿ ಅವಳಿಗೆ ಮಾರ್ಕ್ಸ್. ಮ್ಯಾನ್ಯುಯಲ್ಲೂ ಸರಿ ಮಾಡ್ತೀನಿ."

ಗೆದ್ದ ಹುಮ್ಮಸ್ಸಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಲು ಮೈಮೇಲೆ ಸೀರೆಯಿರಲಿಲ್ಲ, ಲ್ಯಾಬ್ ಕೋಟಿನ ತೋಳೇರಿಸಿಯೇ ಜಲಜಾ ಬಾಗಿಲು ತೆಗೆದಳು. ಹೊರಗೆ ಜೋಯಿ ಕಾಯುತ್ತ ನಿಂತಿದ್ದಳು. ಜಲಜಾ ಬಾಯಿ ತೆರೆಯುವ ಮೊದಲೇ ಹುಡುಗಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು. "ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ. ಗೆಳೆಯರನ್ನು ಕೇಳಿ, ಬಣ್ಣ ಬದಲಾಗಿಲ್ಲ ಅಂತ ತಿದ್ದಿ ಮತ್ತೆ ಕಳಿಸಿದ್ದೇನೆ."

"ಅಯ್ಯೋ, ನೀನು ಕಂಡದ್ದೇನು?"

"ಮಾಸಿತ್ತು." ಜೋಯಿ ನಕ್ಕಳು. "ಆದರೆ ಈಗ ಗೊತ್ತಾಯಿತು. ಇನ್ನು ಮೇಲೆ ಉತ್ತರ ಏನು ಬರಬೇಕು ಅಂತ ತಿಳಿದುಕೊಂಡೇ ಸೀಸೆ ನೋಡುತ್ತೇನೆ."