ಶನಿವಾರದ ಮೂರು ಫೋಟೋ

ಮನುಷ್ಯನನ್ನು ಕಪ್ಪಾಗಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಮುಳುಗುವ ಸೂರ್ಯನ ಮುಂದೆ ಅವನನ್ನು ನಿಲ್ಲಿಸಿ, ಕ್ಯಾಮೆರಾಗೆ ಬೆಳಕಿನ ಅಳತೆಯನ್ನು ಅವನ ಮುಖದಿಂದ ಕೊಡದೆ ಆಕಾಶದಿಂದ ಕೊಟ್ಟರೆ ಆಯಿತು. ಆಕಾಶ ಕೆಂಪಗೆ ಉಳಿಯುತ್ತದೆ, ಮನುಷ್ಯ ಕತ್ತರಿಸಿ ಅಂಟಿಸಿದ ಕಪ್ಪು ಕಾಗದದ ಹಾಗಾಗುತ್ತಾನೆ. ಮದುವೆ ಗೊತ್ತಾದ ಜೋಡಿಗಳನ್ನು ಹೀಗೆ ನಿಲ್ಲಿಸಿ ಹೊಟ್ಟೆ ಹೊರೆದುಕೊಳ್ಳುವವನು ನಾನು. ಸ್ಟುಡಿಯೋದವರು ನನಗೆ ಇಟ್ಟಿರುವ ಹೆಸರು ಮುಳುಗುಸೂರ್ಯ. ಮುಖ ಅಷ್ಟಕ್ಕಷ್ಟೇ ಇರುವವರನ್ನೆಲ್ಲ ನನ್ನ ತಲೆಗೆ ಕಟ್ಟುತ್ತಾರೆ. ನನಗೇನೂ ಬೇಜಾರಿಲ್ಲ, ಕಪ್ಪಿನಲ್ಲಿ ಎಲ್ಲರೂ ಚೆಂದ.

ಈ ವಿದ್ಯೆ ಮನೆಗೂ ಬೇಕಾಗಿ ಬಂದದ್ದು ಅಮ್ಮನ ಕಣ್ಣು ಕೆಟ್ಟಾಗ. ಎರಡೂ ಕಣ್ಣಿನ ನಡುಭಾಗ ಹೋಗಿದೆ, ಅಂಚಷ್ಟೇ ಉಳಿದಿದೆ ಎಂದರು ಡಾಕ್ಟರು. ಎದುರಿಗೆ ಕೂತವರ ಮುಖ ಅವಳಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಲಗೆ. ಆದರೆ ಹಿಂದೆ ಜೋರು ಬೆಳಕಿದ್ದು ಮುಂದೆ ಯಾರಾದರೂ ನಿಂತರೆ, ಕತ್ತು ಓರೆ ಮಾಡಿ ಕಣ್ಣಂಚಿನಿಂದ ಆಕಾರ ಹಿಡಿದುಬಿಡುತ್ತಾಳೆ. ನನಗೇನೋ ಬಾಯಿದೆ, ಅಮ್ಮಾ ಅಂದರೆ ಸಾಕು, ಗುರುತು ಸಿಗುತ್ತದೆ. ಅಣ್ಣನಿಗೆ ಅದಿರಲಿಲ್ಲ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು.

ನಮ್ಮ ಮನೆಯಲ್ಲಿ ಅವನ ಮಾತೆಲ್ಲ ಕೈಯಲ್ಲೇ. ಯಾವ ಶಾಲೆಯಲ್ಲೂ ಕಲಿತದ್ದಲ್ಲ, ಅಡುಗೆಮನೆಯಲ್ಲಿ ಅಮ್ಮ ಮತ್ತು ಅವನು ಸೇರಿ ಕಟ್ಟಿಕೊಂಡದ್ದು. ಗಲ್ಲಕ್ಕೆ ಎರಡು ಬೆರಳು ಮುಟ್ಟಿಸಿದರೆ ಅಮ್ಮ, ಅವಳಿಗೆ ಅಲ್ಲೊಂದು ಮಚ್ಚೆಯಿದೆ. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದರೆ ಊಟ, ಆಮೇಲೆ ಅಂಗೈ ತೆರೆದರೆ ಆಯಿತು. ಕಿವಿಯ ಹಾಲೆ ಹಿಡಿದು ಎಳೆದರೆ ನಾನು. ಚಿಕ್ಕಂದಿನಲ್ಲಿ ಅವನು ನನ್ನನ್ನು ಕೂಗಿ ಕರೆಯುವ ಹಾಗಿರಲಿಲ್ಲವಲ್ಲ, ಕಿವಿ ಹಿಡಿದೇ ಎಳೆದುಕೊಂಡು ಹೋಗುತ್ತಿದ್ದ. ಅದೇ ನನ್ನ ಹೆಸರಾಯಿತು.

ಅಣ್ಣ ಬಡಗಿ. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನ ಮರದ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ಹಿಂದುಗಡೆ ಎರಡು ಕೋಣೆಯಲ್ಲಿ ಅತ್ತಿಗೆಯೂ ಅವನೂ ಇದ್ದರು. ತಿಂಗಳಿಗೊಮ್ಮೆ ಬರುತ್ತಿದ್ದ. ಉಳಿದ ವಾರಗಳಿಗೆಂದು ನಾನೊಂದು ಉಪಾಯ ಮಾಡಿದೆ. ಫೋನಿನಲ್ಲಿ ಮೊದಲು ಆಕಾಶದ ಮೇಲೆ ಬೆರಳಿಡಿ, ಆಮೇಲೆ ಗುಂಡಿ ಒತ್ತಿ ಎಂದು ಅತ್ತಿಗೆಗೆ ಹೇಳಿಕೊಟ್ಟೆ. ಕೈ ಮೈಗೆ ಅಂಟಿದರೆ ಕಪ್ಪಿನೊಳಗೆ ಕಪ್ಪು ಸೇರಿಹೋಗುತ್ತದೆ, ಮಗ್ಗುಲಾಗಿ ನಿಂತು ಕೈ ದೂರ ಹಿಡಿಯಬೇಕು ಎಂದು ಅಣ್ಣನಿಗೂ ತೋರಿಸಿದೆ. ಶನಿವಾರ ಸಂಜೆ ಕಾರ್ಖಾನೆಯ ಹಿಂದೆ ಹಲಗೆ ರಾಶಿಯ ಪಕ್ಕ ಮೂರು ಫೋಟೋ: ಅಮ್ಮ, ಊಟ ಆಯಿತು, ತಮ್ಮ ಹೇಗಿದ್ದಾನೆ. ಭಾನುವಾರ ಬೆಳಿಗ್ಗೆ ನಾನು ಅದನ್ನು ಟಿವಿಗೆ ಹಾಕುತ್ತಿದ್ದೆ. ಅಮ್ಮ ಪರದೆಗೆ ಒಂದು ಮೊಳ ದೂರದಲ್ಲಿ ಸ್ಟೂಲು ಹಾಕಿಕೊಂಡು, ಮೊದಲು ಅವನ ಕಿವಿಯ ಮೇಲಿನ ಪೆನ್ಸಿಲು ಹುಡುಕುತ್ತಿದ್ದಳು. ಹಲಗೆ ಹೊತ್ತು ಹೊತ್ತು ಇಳಿದುಹೋದ ಎಡ ಹೆಗಲನ್ನು ಬೆರಳಿನಲ್ಲಿ ಸವರುತ್ತಿದ್ದಳು. ಆಮೇಲೆ ಟಿವಿಗೇ ಕೈಸನ್ನೆ ಮಾಡಿ ಉತ್ತರ ಕೊಡುತ್ತಿದ್ದಳು. ಮೊದಮೊದಲು ನಾನು ನಗುತ್ತಿದ್ದೆ.

ಅಮ್ಮನ ಎದೆಯ ಆಪರೇಷನ್ ಆಗಿ ಎಂಟನೆಯ ದಿನ ಅಣ್ಣ ಹೋದ. ಲಾರಿಯಿಂದ ದಿಮ್ಮಿ ಇಳಿಸುವಾಗ ಹಗ್ಗ ಕಿತ್ತುಕೊಂಡಿತು. ಅವನು ಬೆನ್ನು ತಿರುಗಿಸಿಕೊಂಡು ಹಲಗೆಗೆ ಗೆರೆ ಎಳೆಯುತ್ತಿದ್ದ. ಎಲ್ಲರೂ ಕೂಗಿದರಂತೆ. ಯಜಮಾನರಂತೂ ಗಂಟಲು ಹರಿಯುವ ಹಾಗೆ ಕೂಗಿದರಂತೆ. ಈ ಮಾತನ್ನು ಅಲ್ಲಿನವರು ನನಗೆ ಎಷ್ಟು ಸಲ ಹೇಳಿದರೆಂದರೆ, ಕೊನೆಗೆ ನನಗೆ ರೇಗಿಹೋಯಿತು. ಹತ್ತು ವರ್ಷ ಜೊತೆಗಿದ್ದವರಿಗೆ ಅವನಿಗೆ ಕೇಳಿಸುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಮಣ್ಣು ಮಾಡಿ ನಾನು ನೇರ ಆಸ್ಪತ್ರೆಗೆ ಬಂದೆ. ಮೂರು ತಿಂಗಳು ಯಾವ ಆಘಾತವೂ ಆಗಕೂಡದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ಹೇಳಬೇಡ, ಹೊಲಿಗೆ ಒಣಗಲಿ ಎಂದಳು ಅತ್ತಿಗೆಯೂ. ನಿಜ ಹೇಳಬೇಕೆಂದರೆ ನನಗೆ ಜೀವ ಬಂದ ಹಾಗಾಯಿತು. ಹೇಳುವ ಧೈರ್ಯ ಯಾರಿಗಿತ್ತು? ಕಾರ್ಖಾನೆಗೆ ಸಾವಿರಾರು ಬೆಂಚುಗಳ ಕೆಲಸ ಬಂದಿದೆ, ಯಜಮಾನರು ಯಾರಿಗೂ ರಜೆ ಕೊಡುತ್ತಿಲ್ಲ ಎಂದು ಕತೆ ಕಟ್ಟಿದೆ. ಅಮ್ಮ ಆ ಯಜಮಾನರಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಮ್ಮನನ್ನು ಮನೆಗೆ ಕರೆತಂದ ಮೇಲೆ ಮೊದಲ ಭಾನುವಾರ ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದೆ. ಅಮ್ಮ ಕತ್ತು ಓರೆ ಮಾಡಿ ನೋಡಿ, ಇದನ್ನು ಆಗಲೇ ನೋಡಿದ್ದೇನೆ, ಆಗ ಹಲಗೆ ರಾಶಿ ಅವನ ಸೊಂಟದವರೆಗಿತ್ತು ಎಂದಳು. ಎರಡನೆಯ ಭಾನುವಾರವೂ ಹಾಗೇ ಆಯಿತು. ಅವನಿಗೇನಾದರೂ ಆಗಿದೆಯಾ ಎಂದು ಕೇಳಿದಳು. ಎದೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ಕ್ಯಾಮೆರಾ ಸರಿಯಿಲ್ಲ, ಮುಂದಿನ ವಾರ ನಾನೇ ಹೋಗಿ ತೆಗೆದುಕೊಂಡು ಬರುತ್ತೇನೆ ಎಂದೆ.

ಆ ಶನಿವಾರ ಅಮ್ಮನನ್ನು ಪಕ್ಕದ ಮನೆಯ ನರ್ಸಮ್ಮನಿಗೆ ಒಪ್ಪಿಸಿ ಹೋದೆ. ಬಸ್ಸಿನಲ್ಲಿ ನಾಲ್ಕು ಗಂಟೆಯೂ ಇದನ್ನು ಅತ್ತಿಗೆಗೆ ಹೇಗೆ ಹೇಳುವುದೆಂದು ಯೋಚಿಸಿದ್ದೇ ಬಂತು. ಹೇಳಿದಾಗ ಅವಳು ಒಳಗೆ ಹೋಗಿ ಅಣ್ಣನ ಅಂಗಿ ತಂದುಕೊಟ್ಟಳು. ಒಗೆದಿರಲಿಲ್ಲ. ಮರದ ಪುಡಿಯ ವಾಸನೆ ಹಾಗೇ ಇತ್ತು.

ಹಲಗೆ ರಾಶಿಯ ಪಕ್ಕ ನಿಂತೆ. ಅಣ್ಣನಿಗೂ ನನಗೂ ಎತ್ತರ ಒಂದೇ, ಮೂಗು ಒಂದೇ. ಉಳಿದದ್ದನ್ನು ಅತ್ತಿಗೆ ಸರಿಮಾಡಿದಳು. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿದಳು. ಎಡ ಹೆಗಲನ್ನು ಅಂಗೈಯಿಂದ ಕೆಳಗೆ ಒತ್ತಿದಳು. ಕತ್ತು ಇನ್ನು ಸ್ವಲ್ಪ ಮುಂದಕ್ಕೆ ಎಂದಳು. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಹಾಕಿ, ಫೋನು ಎತ್ತಿ, ಆಕಾಶದ ಮೇಲೆ ಬೆರಳಿಟ್ಟಳು. ನಾನು ಕಪ್ಪಾದೆ. ಅವಳು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದಳು, ಗುಂಡಿ ಒತ್ತಲೇ ಇಲ್ಲ. ಸೂರ್ಯ ಹೋಗುತ್ತಾನೆ ಅತ್ತಿಗೆ ಎಂದು ನಾನೇ ಹೇಳಬೇಕಾಯಿತು. ಆಚೆ ಬೀಡಿ ಸೇದುತ್ತಿದ್ದ ಇಬ್ಬರು ಕೆಲಸಗಾರರು ನಮ್ಮನ್ನು ನೋಡಿ ಎದ್ದು ಒಳಗೆ ಹೋದರು.

ಭಾನುವಾರ ಅಮ್ಮ ಪೆನ್ಸಿಲು ಹುಡುಕಿದಳು, ಸಿಕ್ಕಿತು. ಹೆಗಲು ಸವರಿದಳು. ಇಳಿದುಹೋಗಿದ್ದಾನೆ, ಆ ಯಜಮಾನ ಹೊಟ್ಟೆಗೆ ಹಾಕುತ್ತಿಲ್ಲ ಎಂದಳು. ಆ ದಿನ ಮಧ್ಯಾಹ್ನ ಆಪರೇಷನ್ನಿನ ನಂತರ ಮೊದಲ ಸಲ ಎರಡನೇ ಸಾರಿ ಅನ್ನ ಬಡಿಸಿಕೊಂಡಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಹೀಗೆ ಹನ್ನೊಂದು ಶನಿವಾರ ನಡೆಯಿತು. ಬಸ್ಸು ಇಳಿಯುವ ಹೊತ್ತಿಗೆ ನನ್ನ ಹೆಗಲು ತಾನಾಗಿಯೇ ಇಳಿಯುವುದು ರೂಢಿಯಾಯಿತು. ಅತ್ತಿಗೆ ಮುಟ್ಟಿ ಸರಿಮಾಡುವ ಅಗತ್ಯವೇ ಇರಲಿಲ್ಲ. ಸ್ಟುಡಿಯೋದಲ್ಲಿ ಒಬ್ಬ, ಏನಯ್ಯಾ ಮುಳುಗುಸೂರ್ಯ, ಒಂದು ಕಡೆಗೆ ವಾಲುತ್ತಿದ್ದೀಯ ಎಂದು ತಮಾಷೆ ಮಾಡಿದ. ಕ್ಯಾಮೆರಾ ಚೀಲದ ಭಾರ ಎಂದೆ.

ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರು ಅಮ್ಮನನ್ನು ಪರೀಕ್ಷೆ ಮಾಡಿ, ಇನ್ನು ನಿಧಾನವಾಗಿ ಹೇಳಬಹುದು, ಆದರೆ ನೀವೇ ಪಕ್ಕದಲ್ಲಿದ್ದು ಹೇಳಿ ಎಂದರು. ನಾನು ಗಟ್ಟಿ ಮನಸ್ಸು ಮಾಡಿದೆ. ಈ ಶನಿವಾರ ಕೊನೆ ಎಂದು ಅತ್ತಿಗೆಗೆ ಹೇಳಿದೆ. ಅವಳು ಫೋನನ್ನು ಸೆರಗಿನಲ್ಲಿ ಒರೆಸುತ್ತಾ ನಿಂತಿದ್ದಳು.

"ಇನ್ನೆರಡು ವಾರ ಬಾರೋ," ಎಂದಳು.

"ಡಾಕ್ಟರೇ ಹೇಳಬಹುದು ಅಂದಿದಾರೆ ಅತ್ತಿಗೆ. ಅಮ್ಮಂಗೆ ಈಗ ಪರವಾಗಿಲ್ಲ."

"ಅತ್ತೆಗೋಸ್ಕರ ಅಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಂದಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಅಂಗಿ ಕಳಚಿದ ಮೇಲೂ ನೋಡುತ್ತಿರಲಿಲ್ಲ. ನಡುವೆ ಕಪ್ಪಾಗಿ ನಿಂತಿರುವ ಆ ಹತ್ತು ನಿಮಿಷ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಮರುದಿನ ನಿಜ ಹೇಳುವ ದಾರಿಯನ್ನು ಅಮ್ಮನೇ ಮುಚ್ಚಿದಳು. ಮೂರು ಫೋಟೋ ನೋಡಿ ಮುಗಿಸಿ ನನ್ನ ಮೊಣಕೈ ಹಿಡಿದುಕೊಂಡಳು. "ಪ್ರತಿ ವಾರ ಹೋಗ್ತೀಯ. ಒಂದರಲ್ಲೂ ನೀನಿಲ್ಲ. ಇಬ್ಬರೂ ಒಟ್ಟಿಗೆ ನಿಂತು ಒಂದು ತೆಗೆಸ್ಕೊಳ್ರೋ. ಇಬ್ಬರನ್ನೂ ಒಟ್ಟಿಗೆ ನೋಡಿ ಎಷ್ಟು ತಿಂಗಳಾಯ್ತು." ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಅವಳ ಮುಖದಲ್ಲಿ ಅದೆಂಥದೋ ಗೆಲುವು. ಆಯ್ತು ಅಮ್ಮ ಎಂದೆ.

ಒಬ್ಬನೇ ಎರಡಾಗುವುದು ನನ್ನ ಕಸುಬಿನಲ್ಲಿ ದೊಡ್ಡ ಮಾತಲ್ಲ. ಆ ಶನಿವಾರ ನನ್ನ ದೊಡ್ಡ ಕ್ಯಾಮೆರಾವನ್ನೇ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಲುಗದ ಹಾಗೆ ಕೂರಿಸಿದೆ. ಮೊದಲು ಅಣ್ಣನ ಅಂಗಿಯಲ್ಲಿ, ಪೆನ್ಸಿಲು ಸಿಕ್ಕಿಸಿಕೊಂಡು ಎಡಗಡೆ ನಿಂತೆ. ಆಮೇಲೆ ನನ್ನ ಅಂಗಿ ಹಾಕಿಕೊಂಡು, ಪೆನ್ಸಿಲು ತೆಗೆದಿಟ್ಟು, ಬಲಗಡೆ ನಿಂತೆ. ಎರಡೂ ಸಲ ಗುಂಡಿ ಒತ್ತಿದವಳು ಅತ್ತಿಗೆ. ಎರಡನೆಯ ಸಲ ಅವಳು ಕ್ಯಾಮೆರಾದಿಂದ ತಲೆಯೆತ್ತಿ ನನ್ನನ್ನು ಒಂದು ಥರಾ ನೋಡಿದಳು. ಮನೆಗೆ ಬಂದು ಎರಡನ್ನೂ ಕೂಡಿಸಿದೆ. ಎಲ್ಲಿಯೂ ಹೊಲಿಗೆ ಕಾಣಲಿಲ್ಲ. ಇಷ್ಟು ಚೊಕ್ಕ ಕೆಲಸ ನಾನು ಯಾವ ಮದುವೆಗೂ ಮಾಡಿಕೊಟ್ಟಿಲ್ಲ.

ಭಾನುವಾರ ಅಮ್ಮ ಸ್ಟೂಲು ಎಳೆದುಕೊಂಡು ಕೂತಳು. ಎಡಗಡೆಯವನ ಪೆನ್ಸಿಲು ಮುಟ್ಟಿ, ದೊಡ್ಡವನು ಎಂದಳು. ಬೆರಳು ಬಲಗಡೆಗೆ ಹೋಯಿತು. ಹೆಗಲಿನ ಮೇಲೆ ನಿಂತಿತು. ಕತ್ತನ್ನು ಆ ಕಡೆ ಓರೆ ಮಾಡಿದಳು, ಈ ಕಡೆ ಓರೆ ಮಾಡಿದಳು.

"ಇವನೂ ದೊಡ್ಡವನೇ," ಎಂದಳು. "ಎರಡು ಸಲ ಅವನನ್ನೇ ಯಾಕೋ ಹಾಕಿದೀಯ? ನೀನೆಲ್ಲಿ?"

ಅದು ನಾನೇ ಅಮ್ಮ, ಪೆನ್ಸಿಲು ಇಲ್ಲ ನೋಡು ಎಂದೆ. ಪೆನ್ಸಿಲು ಬಿದ್ದುಹೋಗಿರಬೇಕು, ನನ್ನ ಮಗನ ಹೆಗಲು ನನಗೆ ಗೊತ್ತಿಲ್ಲವಾ ಎಂದಳು. ನಾನು ಫೋಟೋ ನೋಡಿದೆ. ಅವಳು ಹೇಳಿದ್ದು ಸರಿ. ಬಲಗಡೆಯವನ ಎಡ ಹೆಗಲು ಇಳಿದಿತ್ತು, ಕತ್ತು ಮುಂದಕ್ಕೆ ಬಂದಿತ್ತು. ನೆಟ್ಟಗೆ ನಿಂತಿದ್ದೇನೆ ಎಂದೇ ನಾನು ತಿಳಿದಿದ್ದೆ. ಅಮ್ಮ ಮುನಿಸಿಕೊಂಡು ಟಿವಿ ಆರಿಸು ಎಂದಳು.

ಸಂಜೆ ಅವಳ ಮಾತ್ರೆ ಮುಗಿದಿತ್ತು. ಮೂರು ಮಹಡಿ ಇಳಿದು ಔಷಧಿ ಅಂಗಡಿಗೆ ಹೋದೆ. ವಾಪಸು ಬರುವಾಗ ಮೆಟ್ಟಿಲ ಮೇಲೆ ಒಂದು ನಿರ್ಧಾರಕ್ಕೆ ಬಂದಿದ್ದೆ. ಈಗಲೇ ಹೇಳುತ್ತೇನೆ, ಪಕ್ಕ ಕೂತು, ಕೈ ಹಿಡಿದುಕೊಂಡು. ನಮ್ಮ ಬಾಗಿಲಿನ ಮುಂದೆ ತೆರೆದ ಪಡಸಾಲೆ, ಅದರಾಚೆ ನೇರ ಪಶ್ಚಿಮ. ಬೀಗದ ಕೈ ತಿರುಗಿಸಿ ಬಾಗಿಲು ತಳ್ಳಿದೆ. ನನ್ನ ನೆರಳು ನನಗಿಂತ ಮುಂಚೆ ಒಳಗೆ ಹೋಗಿ ಅಮ್ಮನ ಕುರ್ಚಿಯ ಕಾಲು ಮುಟ್ಟಿತು.

ಅಮ್ಮ ತಲೆಯೆತ್ತಿದಳು. ಕತ್ತು ಓರೆ ಮಾಡಿದಳು. ಅವಳ ಮುಖ ಪೂರ್ತಿ ಬೆಳಕಿನಲ್ಲಿತ್ತು, ಅದು ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಬಾಯಿ ತೆರೆಯಲಿಲ್ಲ ಅವಳು. ಮಡಿಲಿನಿಂದ ಎರಡೂ ಕೈ ಮೇಲೆದ್ದವು. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಹುಬ್ಬು ಏರಿಸಿದಳು. ಊಟ ಆಯ್ತಾ?

ಅಮ್ಮಾ, ನಾನು ಎಂದರೆ ಸಾಕಿತ್ತು. ಒಂದೇ ಮಾತು. ನನಗೆ ಬಾಯಿತ್ತು. ಬಲಗೈಯಲ್ಲಿ ಮಾತ್ರೆಯ ಪೊಟ್ಟಣ ಇತ್ತು. ಎಡಗೈ ಮೈಯಿಂದ ದೂರ, ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಮೇಲೆದ್ದಿತು. ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದೆ, ಅಂಗೈ ತೆರೆದೆ.

ಅಮ್ಮ ನಕ್ಕಳು. ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ ಆಚೆ ಈಚೆ ಕತ್ತು ಹೊರಳಿಸಿ, ತನ್ನ ಕಿವಿಯ ಹಾಲೆ ಹಿಡಿದು ಎಳೆದಳು. ಖಾಲಿ ಅಂಗೈಯನ್ನು ಗಾಳಿಯಲ್ಲಿ ತಿರುಗಿಸಿದಳು.

ತಮ್ಮ ಎಲ್ಲಿ ಎಂದು ಕೇಳುತ್ತಿದ್ದಳು.

ಬೆಳಕು ಇನ್ನು ಐದು ನಿಮಿಷ ಇರುತ್ತದೆ, ಅದು ನನಗೆ ಕಸುಬಿನಿಂದ ಗೊತ್ತು. ಅದು ಹೋದರೆ ಅವಳಿಗೆ ನಾನು ಕಾಣುವುದಿಲ್ಲ, ಆಗ ಮಾತಾಡಲೇಬೇಕಾಗುತ್ತದೆ. ಅಲ್ಲಿಯವರೆಗೆ ಹೊಸ್ತಿಲ ಮೇಲೆ, ಎಡ ಹೆಗಲು ಇಳಿಸಿಕೊಂಡು ನಿಂತೇ ಇದ್ದೆ.