ಹಳೆಯ ಗಿಟಾರಿನ ಮೂರು ಹೊಸ ತಂತಿ

ಹಳೆಯ ಗಿಟಾರ್ ವಿಷಯದಲ್ಲಿ ನನಗೆ ಟೋಪಿ ಹಾಕುವವರು ನಮ್ಮ ಕಝಕ್ ಗಣಿಯೂರು ಕರಗಾಂಡದಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ನಮ್ಮ ತಾತ ಕುದುರೆಯ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು. ನಾನು ಗಿಟಾರಿನ ಕತ್ತು ನೋಡಿ, ಅದು ಎಷ್ಟು ಏಟು ತಿಂದಿದೆ, ಎಂಥವರ ಕೈಯಲ್ಲಿ ತಿಂದಿದೆ ಎಂದು ಹೇಳುತ್ತೇನೆ.

ಆ ಆಗಸ್ಟಿನಲ್ಲಿ ಈ ವಿದ್ಯೆ ನಿಜವಾಗಿಯೂ ಬೇಕಾಗಿ ಬಂತು. ಗಣಿ ಕಾರ್ಮಿಕರ ಹಬ್ಬಕ್ಕೆ ಊರಿನ ದೊಡ್ಡ ವೇದಿಕೆಯ ಮೇಲೆ ನುಡಿಸಲು ನಮ್ಮ ಮೆಟಲ್ ಸಂಗೀತದ ತಂಡಕ್ಕೆ ಮೊದಲ ಸಲ ಕರೆ ಬಂದಿತ್ತು. ಕರೆ ಬಂದ ವಾರವೇ ನಮ್ಮ ಇನ್ನೊಬ್ಬ ಗಿಟಾರ್ ವಾದಕ ಗೇನಾ ಅಪ್ಪ ಅಮ್ಮನ ಜೊತೆ ಜರ್ಮನಿಗೆ ಹೊರಟುಹೋದ. ತಗ್ಗು ಸ್ವರದ ಗುಡುಗೆಲ್ಲ ಅವನ ಪಾಲಿನದು, ಅದು ಹಾಡಿನ ನೆಲಗಟ್ಟು. ಮೇಲಿನ ಸ್ವರಗಳಲ್ಲಿ ಕುಣಿಯುವವಳು ನಾನು. ನೆಲಗಟ್ಟೇ ಇಲ್ಲದ ಮೇಲೆ ಕುಣಿಯುವುದೆಲ್ಲಿ? ಎರಡೂ ಕೆಲಸ ನಾನೇ ಮಾಡೋಣವೆಂದರೆ ನನ್ನ ಗಿಟಾರ್ ತೆಳ್ಳಗಿನದು. ಅದರ ದಪ್ಪ ತಂತಿಯ ಸ್ವರ ಇಳಿಸಿದರೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬೀಳುತ್ತದೆ. ಹಬ್ಬದ ಭಾನುವಾರದೊಳಗೆ ಗಟ್ಟಿಮುಟ್ಟಾದ ಹಳೆಯ ಗಿಟಾರ್ ಒಂದು ಸಿಗದಿದ್ದರೆ ವೇದಿಕೆ ಇನ್ನೊಬ್ಬರ ಪಾಲಾಗುತ್ತಿತ್ತು.

ಡ್ರಮ್ ಬಾರಿಸುವ ಯೂರಾ ತನ್ನ ಲಟಕಾಸಿ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟ. ಯೂರಾ ಕೊರಿಯನ್ನರ ಹುಡುಗ, ಮನಸ್ಸು ಚಿನ್ನ, ಬಾಯಿ ಮಾತ್ರ ತೂತು. ಕಂಡದ್ದನ್ನೆಲ್ಲ ಹೊಗಳುತ್ತಾನೆ. ಮಾರುವವನ ಎದುರಿಗೇ ಹೊಗಳಿದರೆ ಬೆಲೆ ಇಳಿಯುವುದುಂಟೆ?

ಮೊದಲ ಮನೆಯಲ್ಲಿ ಒಬ್ಬ ಶೋಕಿಲಾಲ ಕೊಂಬಿನಾಕಾರದ ಕೆಂಪು ಗಿಟಾರನ್ನು ಮಂಚದ ಮೇಲೆ ಮಲಗಿಸಿಟ್ಟಿದ್ದ.

"ಬೆಂಕಿ ಕಣೆ ಇದು, ಮರ್ಝಾನ್," ಎಂದ ಯೂರಾ.

ನಾನು ಅವನ ಕಾಲು ತುಳಿದೆ. ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಕಿಟಕಿಯ ಬೆಳಕಿಗೆ ಕತ್ತು ನೋಡಿದೆ, ನೇರವಾಗಿತ್ತು. ತಂತಿಯನ್ನು ಎರಡೂ ತುದಿಯಲ್ಲಿ ಒತ್ತಿ ನಡುವಿನ ಸಂದು ನೋಡಿದೆ, ಸರಿಯಾಗಿತ್ತು. ಆಮೇಲೆ ಹಿಂದೆ ತಿರುಗಿಸಿದೆ. ಕತ್ತು ತಲೆಗೆ ಸೇರುವ ಜಾಗದಲ್ಲೇ ಒಂದು ತಲೆಬುರುಡೆಯ ಸ್ಟಿಕ್ಕರ್ ಅಂಟಿಸಿತ್ತು.

"ಈ ಬುರುಡೆ ಯಾಕಪ್ಪ ಇಲ್ಲೇ ಕೂತಿದೆ?"

"ಅಂದಕ್ಕೆ."

"ಅಂದ ಮುಂದೆ ಇರುತ್ತೆ. ಹಿಂದೆ ಇರೋದು ಬೇರೇನೋ." ಉಗುರಿನಿಂದ ಸ್ಟಿಕ್ಕರಿನ ಅಂಚು ಎಬ್ಬಿಸಿದೆ. ಕೆಳಗೆ ಅಂಟಿನ ಗೆರೆ ಕಾಣಿಸಿತು. "ಬಿದ್ದು ಮುರಿದಿದ್ದನ್ನ ಅಂಟ್ಸಿದೀಯ."

"ಅಂಟು ಮರಕ್ಕಿಂತ ಗಟ್ಟಿ ಅಕ್ಕ."

"ಹಾಗಾದ್ರೆ ಬರೀ ಅಂಟಲ್ಲೇ ಒಂದು ಮಾಡ್ಸು, ಬಂದು ತಗೋತೀನಿ."

ಎರಡನೆಯ ಮನೆ ಮಯ್‌ಕುದುಕ್ ಬಡಾವಣೆಯ ಕಡೆಯ ಹಳೆಯ ಐದಂತಸ್ತಿನ ಕಟ್ಟಡದಲ್ಲಿತ್ತು. ಬಾಗಿಲು ತೆರೆದವರು ಝೈನೆಪ್ ಆಪಾ, ಬಿಳಿ ತಲೆವಸ್ತ್ರದ ಮುದುಕಿ; ಹಿರಿಯ ಹೆಂಗಸರನ್ನು ನಮ್ಮಲ್ಲಿ ಆಪಾ ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿಸಿದವರು ಅವರೇ. ಗಿಟಾರ್ ಅವರ ಮಗ ಬೆಕೇನ್‌ನದು. ಆತ ಅಡುಗೆಮನೆಯ ಮೇಜಿನ ಮುಂದೆ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದ.

"ಮೂರು ವರ್ಷದಿಂದ ಮುಟ್ಟಿಲ್ಲ ಇವನು," ಎಂದರು ಆಪಾ. "ಗಣಿ ಒಳಗೆ ಕಲ್ಲಿದ್ದಲು ಸಾಗ್ಸೋ ಬೆಲ್ಟು ಎರಡು ಬೆರಳು ತಿಂದ್ಕೊಂಡ್ತು. ಗೋಡೆ ಮೇಲೆ ಇದನ್ನ ಕಂಡಾಗೆಲ್ಲ ನನ್ನ ಕರುಳು ಚುರ್ ಅನ್ನುತ್ತೆ. ತಗೊಂಡ್ಹೋಗಿ ಪುಣ್ಯ ಕಟ್ಕೊಳ್ಳಿ."

ಗಿಟಾರ್ ಕಪ್ಪಗಿತ್ತು, ಅಲ್ಲಲ್ಲಿ ಬಣ್ಣ ಎದ್ದಿತ್ತು, ಕುರಿಯಷ್ಟು ಭಾರವಿತ್ತು. ತಂತಿ ಕಟ್ಟುವ ಪಟ್ಟಿ ಅಲುಗಾಡದ ಹಾಗೆ ಮರಕ್ಕೇ ಬಿಗಿದಿತ್ತು. ಮೆಟಲ್‌ಗೆ ಇಂಥ ಹಟಮಾರಿಯೇ ಬೇಕು. ಕತ್ತಿನಲ್ಲಿ ಬಿರುಕಿಲ್ಲ, ತಿರುಪು ಒಂದೂ ಸಡಿಲವಿಲ್ಲ. ಆಂಪ್ಲಿಫೈಯರಿಗೆ ಜೋಡಿಸದೆ ಒಮ್ಮೆ ಮೀಟಿದೆ. ಮರದ ಅದುರು ನನ್ನ ಹೊಟ್ಟೆಯವರೆಗೆ ಬಂತು. ಇದು ನನ್ನದೇ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಆಮೇಲೆ ತಂತಿಗಳ ಮೇಲೆ ಬೆರಳಾಡಿಸಿದೆ. ತೆಳು ತಂತಿಗಳು ಮೂರೂ ತುಕ್ಕು ಹಿಡಿದು ಕೈ ಕಪ್ಪಾಯಿತು. ದಪ್ಪ ತಂತಿಗಳು ಮೂರೂ ಹೊಸವು. ಅವುಗಳ ಕೆಳಗೆ ಕತ್ತಿನ ಮೇಲಿನ ಲೋಹದ ಪಟ್ಟಿಗಳು ಸವೆದು ಹೊಳೆಯುತ್ತಿದ್ದವು, ಪಕ್ಕದಲ್ಲೇ ತೆಳು ತಂತಿಗಳ ಕೆಳಗೆ ಧೂಳು ಗಟ್ಟಿಯಾಗಿ ಕೂತಿತ್ತು. ಎಲ್ಲಕ್ಕಿಂತ ದಪ್ಪ ತಂತಿಯನ್ನು ಬೇಕೆಂದೇ ಸಡಿಲಿಸಿ ಸ್ವರ ಇಳಿಸಿತ್ತು. ಹಾಗೆ ಇಳಿಸಿಕೊಂಡರೆ ಒಂದೇ ಬೆರಳನ್ನು ಅಡ್ಡ ಮಲಗಿಸಿ ಮೂರು ತಂತಿಗಳ ಗುಡುಗು ಎಬ್ಬಿಸಬಹುದು. ನಾನು ತಲೆ ಎತ್ತಿ ಬೆಕೇನ್‌ನನ್ನು ನೋಡಿದೆ. ಆತ ತನ್ನ ಚಹಾದ ಬಟ್ಟಲನ್ನು ನೋಡುತ್ತಿದ್ದ.

ಮೂರು ವರ್ಷ ಮುಟ್ಟಿಲ್ಲವಂತೆ. ಆಂಪ್ಲಿಫೈಯರ್ ಇಲ್ಲದ ಇಂಥ ಗಿಟಾರ್ ಪಿಸುಗುಟ್ಟುತ್ತದೆ ಅಷ್ಟೆ, ಪಕ್ಕದ ಕೋಣೆಗೂ ಕೇಳುವುದಿಲ್ಲ. ನನಗೆ ಎಲ್ಲ ತಿಳಿಯಿತು, ತಿಳಿದರೂ ಬಾಯಿ ಬಿಡಲಿಲ್ಲ. ಗಿಟಾರ್ ನನಗೆ ಅಷ್ಟು ಬೇಕಾಗಿತ್ತು.

ಬೆಲೆಯ ಮಾತು ಎತ್ತುವ ಮೊದಲೇ ಆಪಾ ಹಾಲು ಹಾಕಿದ ಚಹಾ, ಬೌರ್ಸಾಕ್ ಎಂಬ ಕರಿದ ಹಿಟ್ಟಿನುಂಡೆ ತಂದಿಟ್ಟರು. ಬಟ್ಟಲು ಕೈಗೆ ಕೊಡುತ್ತ, "ಯಾರ ಮಗಳಮ್ಮ ನೀನು? ಯಾವ ಕುಲ?" ಎಂದರು. ನಮ್ಮ ಕಝಕ್ ಜನ ವ್ಯಾಪಾರ ಕೆಡಿಸಿಕೊಳ್ಳುವುದೇ ಹೀಗೆ. ಬೆಲೆ ಮುಗಿಯುವವರೆಗೆ ಕುಲ ಕೇಳಬಾರದು, ಕೇಳದೆ ಇರಲು ನಾಲಿಗೆ ಬಿಡುವುದಿಲ್ಲ. ಅಪ್ಪನ ಕುಲ ಹೇಳಿದೆ. ಅಮ್ಮನದು ಕರಾಕೆಸೆಕ್ ಎಂದೆ.

ಆಪಾ ಚಹಾದ ಪಾತ್ರೆಯನ್ನು ಕೆಳಗಿಟ್ಟರು. "ನಾವೂ ಕರಾಕೆಸೆಕ್. ಅಯ್ಯೋ ಮಗಳೇ, ನೀನು ನಮ್ಮ ಜಿಯೆನ್ ಅಲ್ವೇನೆ."

ಜಿಯೆನ್ ಎಂದರೆ ಮನೆಮಗಳು ಹೆತ್ತ ಮಗು. ಅಮ್ಮನ ಕುಲವೆಲ್ಲ ಅದಕ್ಕೆ ತವರು, ಅಲ್ಲಿನ ಗಂಡಸರೆಲ್ಲ ಸೋದರಮಾವಂದಿರು. ಜಿಯೆನ್ ಬಂದು ಇದು ಬೇಕು ಎಂದರೆ ಇಲ್ಲವೆನ್ನುವ ಹಾಗಿಲ್ಲ, ಕುದುರೆಯಾದರೂ ಸರಿ, ಬೇಟೆನಾಯಿಯಾದರೂ ಸರಿ. ಮುಖ ಬಾಡಿಸಿಕೊಂಡು ಹೋದರೆ ಆ ಮನೆಗೆ ಏಳಿಗೆಯಿಲ್ಲ ಎಂದು ಹಿರಿಯರು ಹೇಳುತ್ತಾರೆ.

"ಜಿಯೆನ್‌ಗೆ ಮಾರೋದಾ? ಊರೋರು ಮುಖಕ್ಕೆ ಉಗೀತಾರೆ. ಸುಮ್ನೆ ಎತ್ಕೊಂಡು ಹೋಗು, ನನ್ನ ಮರಿಗುದುರೆ."

ಯೂರಾ ಬಾಯಿ ತುಂಬ ಬೌರ್ಸಾಕ್ ಇಟ್ಟುಕೊಂಡು, "ಆಪಾ, ನಂಗೂ ಇಂಥ ಮಾವಂದಿರು ಯಾರಾದ್ರೂ ಇದ್ರೆ ನೋಡಿ. ಕಾರು ಬದಲಾಯಿಸ್ಬೇಕಿತ್ತು," ಎಂದ.

ಬೆಕೇನ್ ಆಗ ಮೊದಲ ಸಲ ಬಾಯಿ ಬಿಟ್ಟ. "ಕೊಡಮ್ಮ. ಒಳ್ಳೆ ಕೈಗೆ ಹೋಗ್ತಿದೆ." ಎದ್ದು ಬಂದು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಎಳೆದ ಮೇಲೂ ಬಲಗೈ ಚೀಲದ ಮೇಲೆಯೇ ಉಳಿಯಿತು. ನನಗೆ ಮೈಯೆಲ್ಲ ಉರಿಯಿತು. ಬೇಕಾದದ್ದು ಪುಕ್ಕಟೆ ಸಿಗುತ್ತಿದೆ, ಆದರೂ ಕೋಪ. ನುಡಿಸಬಲ್ಲ ಮನುಷ್ಯ ನುಡಿಸಲಾರೆ ಎಂದು ನಾಟಕ ಆಡಿದರೆ ನನಗೆ ಸಹಿಸಲಾಗುವುದಿಲ್ಲ.

"ಆಪಾ, ಜಿಯೆನ್ ಏನು ಕೇಳಿದ್ರೂ ಇಲ್ಲ ಅನ್ನಲ್ಲ ತಾನೆ?"

"ಅನ್ನಲ್ಲ."

"ಏನು ಬೇಕು ಅನ್ನೋದು ನನ್ನಿಷ್ಟ?"

"ನಿನ್ನಿಷ್ಟ ಕಣೆ."

"ಹಾಗಾದ್ರೆ ಗಿಟಾರ್ ನಿಮ್ಮತ್ರಾನೇ ಇರ್ಲಿ. ನಂಗೆ ನಿಮ್ಮ ಮಗ ಬೇಕು."

ಯೂರಾನಿಗೆ ಚಹಾ ನೆತ್ತಿಗೇರಿತು. ಆಪಾ ಗಾಬರಿಯಾಗಿ, "ಏಳು ತಲೆಮಾರು ದಾಟದೆ ನಮ್ಮಲ್ಲಿ ಮದುವೆ ಇಲ್ಲಮ್ಮ, ನಿಂಗೆ ಗೊತ್ತಿಲ್ವಾ?" ಎಂದರು.

"ಮದುವೆಗಲ್ಲ ಆಪಾ. ಭಾನುವಾರದ ವೇದಿಕೆಗೆ. ನನ್ನ ತಂಡಕ್ಕೆ ಗುಡುಗು ಬೇಕಾಗಿದೆ."

ಬೆಕೇನ್ ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಡಿದಿಟ್ಟ. ಉಂಗುರದ ಬೆರಳೂ ಕಿರುಬೆರಳೂ ಇರಲಿಲ್ಲ. "ನೋಡು. ಇದ್ರಲ್ಲಿ ಏನು ನುಡಿಸ್ಲಿ?"

"ನಿನ್ನೆ ಮೊನ್ನೆ ನುಡಿಸಿದ್ದನ್ನೇ ನುಡಿಸಿ, ಬೆಕೇನ್ ಮಾವ."

ಜಿಪ್ ಬಿಚ್ಚಿ ಗಿಟಾರನ್ನು ಆಪಾರ ತೊಡೆಯ ಮೇಲಿಟ್ಟೆ. ಅವರ ಬೆರಳು ಹಿಡಿದು ತೆಳು ತಂತಿಗಳ ಮೇಲೆ ಸವರಿಸಿದೆ, ತುಕ್ಕು ಅಂಟಿತು. ದಪ್ಪ ತಂತಿಗಳ ಮೇಲೆ ಸವರಿಸಿದೆ, ಏನೂ ಅಂಟಲಿಲ್ಲ. "ಈ ಮೂರು ಹೊಸದು ಆಪಾ. ಇದನ್ನ ಒಂದೇ ಬೆರಳಲ್ಲಿ ನುಡಿಸೋ ಹಾಗೆ ಇಳಿಸಿಕೊಂಡಿದಾರೆ."

ಆಪಾ ತಮ್ಮ ಬೆರಳಿನ ತುಕ್ಕು ನೋಡಿ ಮಗನತ್ತ ತಿರುಗಿದರು. "ನಾನು ಮಾರ್ಕೆಟ್ಟಿಗೆ ಹೋದಾಗ್ಲೇನೋ?"

"ನೀನು ನೋಡಿದ್ರೆ ಸಂಕಟ ಪಡ್ತೀಯ ಅಂತ ಅಮ್ಮ."

"ನೀನು ಅದನ್ನ ನೋಡಿ ಸಂಕಟ ಪಡ್ತೀಯ ಅಂತ ತಾನೆ ನಾನು ಮಾರಕ್ಕೆ ಹೊರಟಿದ್ದು."

ಬೆಕೇನ್ ಎಡಗೈಯನ್ನು ಮತ್ತೆ ಜೇಬಿಗೆ ತುರುಕಿದ. ತಗ್ಗಿದ ದನಿಯಲ್ಲಿ, "ವೇದಿಕೆ ಮೇಲೆ ಎಲ್ರೂ ಕೈ ನೋಡ್ತಾರೆ," ಎಂದ.

"ಗಣಿಯವರ ಹಬ್ಬ ಮಾವ. ಅಲ್ಲಿ ಹತ್ತೂ ಬೆರಳು ಇರೋರನ್ನೇ ಹುಡುಕ್ಬೇಕು."

"ಜಿಯೆನ್ ಬಾಯಿ ಬಿಟ್ಟು ಕೇಳಿದಾಳೆ," ಎಂದರು ಆಪಾ. "ಇಲ್ಲ ಅನ್ನೋ ನಾಲಿಗೆ ಈ ಮನೇಲಿಲ್ಲ."

ಯೂರಾ ಕಾರಿನಿಂದ ನಮ್ಮ ಚಿಕ್ಕ ಆಂಪ್ಲಿಫೈಯರ್ ಹೊತ್ತು ತಂದ. ಬೆಕೇನ್ ಕೂತು ಗಿಟಾರನ್ನು ತೊಡೆಗೇರಿಸಿಕೊಂಡ. ತೋರುಬೆರಳನ್ನು ಮೂರು ತಂತಿಗಳ ಮೇಲೆ ಅಡ್ಡ ಮಲಗಿಸಿ, ಬಲಗೈಯಿಂದ ಒಮ್ಮೆ ಹೊಡೆದ. ಬಟ್ಟಲುಗಳೊಳಗೆ ಚಮಚ ಕುಣಿದವು, ಕಿಟಕಿಯ ಗಾಜು ಜುಂ ಎಂದಿತು. ಗೇನಾ ಇಂಥದೊಂದು ಏಟನ್ನು ಯಾವತ್ತೂ ಹೊಡೆದಿರಲಿಲ್ಲ, ಈಗ ಹೇಳಲು ನನಗೇನೂ ಸಂಕೋಚವಿಲ್ಲ. ಕೆಳಗಿನ ಮನೆಯವರು ಸದ್ದು ನಿಲ್ಲಿಸಿ ಎಂದು ಅಂತಸ್ತಿನಿಂದ ಅಂತಸ್ತಿಗೆ ಹಾದುಹೋಗುವ ಬಿಸಿನೀರಿನ ಪೈಪನ್ನು ಟಣ್ ಟಣ್ ಎಂದು ಬಡಿದರು. ಬೆಕೇನ್‌ನ ಕೈ ತಟ್ಟನೆ ನಿಂತಿತು.

ಆಪಾ ಎದ್ದರು. ಒಲೆಯ ಮೇಲಿದ್ದ ಸೌಟು ತೆಗೆದುಕೊಂಡು, ಅದೇ ಪೈಪನ್ನು ಕೆಳಗಿನವರಿಗಿಂತ ಎರಡರಷ್ಟು ಜೋರಾಗಿ ತಿರುಗಿ ಬಡಿದು, "ನೀನು ನುಡಿಸೋ," ಎಂದರು.