ತಿಳಿನೀರಿನ ಆರನೇ ತೊಟ್ಟಿ

ನನ್ನ ತಂಗಿಗೆ ಮಗಳ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ನಾಲ್ಕು ವರ್ಷದ ಮಗು ಕತ್ತು ಮೇಲೆತ್ತಿಕೊಂಡು ನಿಂತಿರುತ್ತಿತ್ತು, ಇವಳು ಕತ್ತಲಲ್ಲಿ ಹುಡುಕುವವರ ಹಾಗೆ ತಡಕಾಡುತ್ತಿದ್ದಳು. ಕೊನೆಗೆ ಸೋತು ನನ್ನನ್ನು ಕರೆಯುತ್ತಿದ್ದಳು.

"ಅಕ್ಕ, ಕೈಯೊಳಗೆ ಇರುವೆ ಹರಿದ ಹಾಗೆ ಆಗುತ್ತೆ ಕಣೇ. ಮಲಗಿದ್ರೆ ಉರಿ. ಎದ್ದು ನೋಡಿದ್ರೆ ಬೆರಳು ನಂದೇ ಅಲ್ಲ ಅನ್ನಿಸುತ್ತೆ."

ಇಡೀ ದಿನ ತಣ್ಣೀರಲ್ಲಿರುವ ಕೈ, ಹಾಗಾಗದೆ ಇನ್ನೇನಾಗುತ್ತದೆ ಎಂದು ಮೊದಮೊದಲು ನಾನೇ ಗದರಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ನಾವಿಬ್ಬರೂ ಒಂದೇ ಕಡೆ ಕೆಲಸಕ್ಕಿದ್ದೆವು. ಹೊಲಕ್ಕೆ ಹೊಡೆಯುವ ಔಷಧ, ಬಟ್ಟೆಗೆ ಹಾಕುವ ಬಣ್ಣ, ಇಂಥವೆಲ್ಲ ಕೆರೆ ಹೊಳೆಗೆ ಸೇರಿದರೆ ಮೀನು ಬದುಕುತ್ತವೋ ಸಾಯುತ್ತವೋ ಎಂದು ಪರೀಕ್ಷೆ ಮಾಡಿ ಕಾಗದ ಕೊಡುವ ಜಾಗ ಅದು. ನಾನು ನೆಲ ಒರೆಸುವವಳು. ತಂಗಿ ಮೀನು ಸಾಕುವವಳು. ಅವಳನ್ನು ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಿದ್ದರು. ಹೇಳಿಕೊಳ್ಳಲು ಮೀನು ಸಾಕುವ ಕೆಲಸ, ಆದರೆ ಅರ್ಧ ದಿನ ಹಿಂದಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಔಷಧ ತುಂಬಿ ಬಂದ ಕ್ಯಾನು ತೊಳೆಯಬೇಕು. ಬರಿಗೈಯಲ್ಲಿ. ನಾಲ್ಕು ತಿಂಗಳಿಂದ ಒಂದು ಕಂಪನಿಯ ನೀಲಿ ಕ್ಯಾನುಗಳು ಬರತೊಡಗಿದ್ದವು. ಹುಳ ಸಾಯಿಸುವ ಹೊಸ ಔಷಧವಂತೆ. ಇವಳ ಕೈ ಜುಮುಗುಟ್ಟಲು ಶುರುವಾದದ್ದೂ ಆಗಲೇ.

ದೊಡ್ಡ ಆಸ್ಪತ್ರೆಯಲ್ಲಿ ನರದ ಡಾಕ್ಟರು ನೋಡಬೇಕೆಂದರೆ ಕೆಲಸದ ಕಡೆಯಿಂದ ಕಾಗದ ಬೇಕು. ಅದಿಲ್ಲದಿದ್ದರೆ ಗೇಟಿನಲ್ಲೇ ತಡೆಯುತ್ತಾರೆ. ತಂಗಿ ಹೆದರಿ ಹೆದರಿ ಸಾಹೇಬರ ಕೋಣೆಗೆ ಹೋದಳು. ಜೊತೆಗೆ ನಾನೂ ಹೋಗಿ ಒರೆಸುವ ಕೋಲು ಹಿಡಿದು ಬಾಗಿಲಲ್ಲಿ ನಿಂತೆ. ಸಾಹೇಬರು ಕೆಟ್ಟ ಮಾತಾಡುವವರಲ್ಲ. ಮೆತ್ತಗೆ ಮಾತಾಡಿಯೇ ಕತ್ತು ಕೊಯ್ಯುವವರು.

"ನೋಡಮ್ಮ, ಆ ನೀಲಿ ಕ್ಯಾನಿನ ಔಷಧದಿಂದಲೇ ಅಂತ ನಾನು ಹೇಗೆ ಬರೆದುಕೊಡಲಿ? ಸೋಮವಾರ ಅದನ್ನ ಮೀನಿನ ಪರೀಕ್ಷೆಗೆ ಹಾಕ್ತಾ ಇದ್ದೀವಿ. ನಾಲ್ಕೇ ದಿನ. ಮೀನು ಸತ್ತರೆ ವಿಷ ಅಂತ ವರದಿ ಆಗುತ್ತೆ, ಅದನ್ನ ಲಗತ್ತಿಸಿ ನಿನಗೆ ಕಾಗದ ಕೊಡ್ತೀನಿ. ಸಾಯಲಿಲ್ಲ ಅಂದ್ರೆ ನಿನ್ನ ಕೈಗೆ ಬೇರೇನೋ ಆಗಿದೆ ಅಂತ."

ಅಂದರೆ, ಎದುರಿಗೆ ನಿಂತ ಹೆಂಗಸಿನ ಕೈ ನೋಡಿದರೆ ಸಾಲದು. ಮೀನನ್ನು ಕೇಳಬೇಕು. ನನಗೆ ಮೈಯೆಲ್ಲ ಉರಿಯಿತು. ತಂಗಿ ಮಾತ್ರ ಆಗಲಿ ಸಾರ್ ಎಂದು ಬಂದಳು.

ಪರೀಕ್ಷೆ ಎಂದರೆ ಇಷ್ಟು. ಸಾಲಾಗಿ ಆರು ಗಾಜಿನ ತೊಟ್ಟಿ, ಒಂದೊಂದರಲ್ಲಿ ಬೆರಳುದ್ದದ ಹತ್ತು ಮೀನು. ಐದು ತೊಟ್ಟಿಗೆ ಔಷಧ, ಒಂದಕ್ಕಿಂತ ಒಂದಕ್ಕೆ ಹೆಚ್ಚು. ಆರನೆಯದಕ್ಕೆ ಏನೂ ಹಾಕುವುದಿಲ್ಲ, ಬರೀ ತಿಳಿನೀರು. ಅದರಲ್ಲಿನ ಮೀನು ಚೆನ್ನಾಗಿದ್ದರೆ, ಉಳಿದವು ಸತ್ತದ್ದು ಔಷಧದಿಂದಲೇ ಎಂದು ಲೆಕ್ಕ. ಆ ಆರನೆಯದರಲ್ಲಿ ಒಂದು ಸತ್ತರೆ ನಡೆಯುತ್ತದೆ. ಎರಡು ಸತ್ತರೆ ಇಡೀ ಪರೀಕ್ಷೆ ರದ್ದು.

ಮೀನಿಗೆ ಹಿಂದಿನ ದಿನದಿಂದಲೇ ತಿಂಡಿ ನಿಲ್ಲಿಸಬೇಕು. ತಂಗಿ ಹತ್ತಿರ ಹೋದರೆ ಸಾಕು, ಅವು ತಿಂಡಿ ಬಂತೆಂದು ಗಾಜಿಗೆ ಮೂತಿ ಒತ್ತಿಕೊಂಡು ಬರುತ್ತಿದ್ದವು. ಇವಳು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ಮರಿಯಿದ್ದಾಗಿನಿಂದ ಸಾಕಿದವಳು, ಈಗ ಅವು ಸತ್ತರೆ ಸಾಕು ಎಂದು ಕಾಯಬೇಕಾಗಿ ಬಂದಿತ್ತಲ್ಲ. ಆ ಸಂಕಟ ಯಾರ ಮುಂದೆ ಹೇಳಿಕೊಳ್ಳುವುದು?

ಮೊದಲ ದಿನವೇ ಎಲ್ಲಕ್ಕಿಂತ ಹೆಚ್ಚು ಔಷಧದ ತೊಟ್ಟಿಯ ಹತ್ತೂ ಮೇಲೆ ತೇಲಿದವು. ಮಾರನೆಯ ದಿನ ಪಕ್ಕದ್ದು. ಸತ್ತಿದೆಯೋ ಇಲ್ಲವೋ ತಿಳಿಯಲು ಗಾಜಿನ ಕಡ್ಡಿಯಿಂದ ಬಾಲದ ಬುಡ ಮುಟ್ಟಬೇಕು, ಕಿವಿರು ಆಡುತ್ತಿದೆಯೇ ನೋಡಬೇಕು. ತಂಗಿ ಮುಟ್ಟುತ್ತಿದ್ದಳು, ಸಾಹೇಬರು ಬರೆಯುತ್ತಿದ್ದರು. ಕಡ್ಡಿ ಅವಳ ಬೆರಳಲ್ಲಿ ನಿಲ್ಲದೆ ಜಾರುತ್ತಿದ್ದುದನ್ನು ನೋಡಿಯೂ ಅವರು ಅದನ್ನೇನೂ ಬರೆದುಕೊಳ್ಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮೂರನೆಯ ತೊಟ್ಟಿಯೂ ಖಾಲಿಯಾಗುತ್ತ ಬಂದಿತ್ತು. ತಿಳಿನೀರಿನಲ್ಲಿ ಹತ್ತೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವು. ಇನ್ನೊಂದು ದಿನ ಕಳೆದರೆ ಕಾಗದ ಸಿಕ್ಕಿತೆಂದೇ ನಾನೂ ನಂಬಿದ್ದೆ.

ಅವತ್ತು ಮಧ್ಯಾಹ್ನ ಕಂಪನಿಯವನು ನೋಡಲು ಬಂದ. ಅದೇ ಹೊತ್ತಿಗೆ ಆರನೇ ತೊಟ್ಟಿಗೆ ಗಾಳಿ ಬಿಡುವ ಕೊಳವೆ ಕಳಚಿಕೊಂಡಿತು. ತಂಗಿ ಹಿಂದೆ ನೀಲಿ ಕ್ಯಾನು ತೊಳೆಯುತ್ತಿದ್ದಳು. ಸಾಹೇಬರು ಕಿಟಕಿಯಿಂದ ತಲೆ ಹಾಕಿ, ಬೇಗ ಬಾ, ಬಂದವರ ಮುಂದೆ ಮರ್ಯಾದೆ ಕಳೀಬೇಡ ಎಂದು ಕೂಗಿದರು. ಇವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಓಡಿ ಬಂದಳು. ಮೊಣಕೈವರೆಗೆ ನೀರಿಗಿಳಿಸಿ, ತಡಕಿ ತಡಕಿ ಕೊಳವೆ ಸಿಕ್ಕಿಸಿದಳು. ಬೆರಳಿಗೆ ಸ್ಪರ್ಶ ಇದ್ದಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ, ಎಷ್ಟೋ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಕೈ ನೀರಿನಲ್ಲೇ ಇತ್ತು.

ಸಂಜೆ ನಾನು ನೆಲ ಒರೆಸುವಾಗ ತಿಳಿನೀರಿನ ಮೀನೊಂದು ಓರೆಯಾಗಿ ಈಜುತ್ತಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ನಾಲ್ಕು ಸತ್ತಿದ್ದವು.

ತಂಗಿಗೆ ಸಾಹೇಬರ ಕೋಣೆಗೆ ಕರೆ ಬಂತು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಕಂಪನಿಯವನೂ ಅಲ್ಲೇ ಕೂತಿದ್ದ. ಪರೀಕ್ಷೆ ಕೆಟ್ಟಿತೆಂಬ ಬೇಸರ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಸಾಹೇಬರು ಒಂದು ಹಾಳೆ ಮುಂದೆ ಸರಿಸಿ ಸಹಿ ಮಾಡು ಎಂದರು. ತನ್ನ ಅಜಾಗರೂಕತೆಯಿಂದ ತಿಳಿನೀರಿನ ತೊಟ್ಟಿ ಕೆಟ್ಟಿತೆಂದು ತಂಗಿಯ ಹೆಸರಲ್ಲಿ ಬರೆದಿತ್ತು. ಅವಳು ನಿಧಾನವಾಗಿ ಎರಡು ಸಲ ಓದಿದಳು.

"ಹೇಗೆ ಕೆಟ್ಟಿತು ಅಂತ ಬರೆದಿಲ್ಲವಲ್ಲ ಸಾರ್."

"ನೀನು ಕೈ ಹಾಕಿದ್ದಕ್ಕೆ. ಇನ್ನು ಹೇಗೆ?"

"ಹಾಗಾದ್ರೆ ಅದನ್ನೇ ಬರೀರಿ. ಕ್ಯಾನು ತೊಳೆದ ಕೈ ಅದ್ದಿದ್ದಕ್ಕೆ ನಾಲ್ಕು ಮೀನು ಸತ್ತವು ಅಂತ ಬರೀರಿ. ಒರೆಸಿಕೊಂಡ ಮೇಲೂ ಚರ್ಮಕ್ಕೆ ಅಂಟಿದ್ದಷ್ಟರಿಂದಲೇ ಸತ್ತವು ಅಂತ. ನಾನು ಸಹಿ ಹಾಕ್ತೀನಿ. ನೀವೂ ಹಾಕಿ."

ನಮ್ಮ ತಂಗಿ ಅಷ್ಟುದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಾಹೇಬರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಾಗೆ ಬರೆದರೆ, ಔಷಧ ವಿಷವೆಂದು ಐದು ತೊಟ್ಟಿ ಹೇಳಬೇಕಾದ್ದನ್ನು ಆರನೆಯದೊಂದೇ ಹೇಳಿದಂತಾಗುತ್ತಿತ್ತು. ಕಂಪನಿಯವನು ಕೆಮ್ಮಿ, ಅಷ್ಟೆಲ್ಲ ಯಾಕೆ, ಕಾರಣ ತಿಳಿದುಬಂದಿಲ್ಲ ಅಂತ ಹಾಕಿ ಎಂದ. ಸಾಹೇಬರು ಆ ಹಾಳೆ ಹರಿದು ಹೊಸ ಹಾಳೆಯಲ್ಲಿ ಹಾಗೆಯೇ ಬರೆದರು. ಡಾಕ್ಟರ ಕಾಗದದ ಮಾತೆತ್ತಿದರೆ, ಪರೀಕ್ಷೆಯೇ ನಡೆದಿಲ್ಲ ಅಂದ ಮೇಲೆ ಯಾವುದರ ಮೇಲೆ ಕೊಡಲಿ ಎಂದರು. ನಾಳೆಯಿಂದ ಬರುವುದು ಬೇಡವೆಂದೂ ಹೇಳಿದರು. ಮೀನು ಸತ್ತದ್ದಕ್ಕೆ ಕಾರಣ ಗೊತ್ತಿಲ್ಲ, ಆದರೆ ಕೆಲಸ ಯಾರದು ಹೋಗಬೇಕೆಂದು ಚೆನ್ನಾಗಿ ಗೊತ್ತಿತ್ತು.

ನಾನೇನು ಮಾಡಿದೆ ಎಂದು ಕೇಳುತ್ತೀರಿ. ಕೋಲು ಹಿಡಿದು ನಿಂತಿದ್ದೆ. ಇಬ್ಬರ ಸಂಬಳವೂ ಒಟ್ಟಿಗೆ ನಿಂತರೆ ಮನೆಯ ಗತಿಯೇನೆಂದು ತುಟಿ ಹೊಲಿದುಕೊಂಡೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಹೇಸಿಗೆ.

ಹೊರಡುವ ಮುಂಚೆ ಅವಳು ತೊಟ್ಟಿಗಳ ಕೋಣೆಗೆ ಹೋದಳು. ತಿಳಿನೀರಿನಲ್ಲಿ ಉಳಿದ ಆರು ಮೀನು ಐದು ದಿನದ ಹಸಿವಿನಲ್ಲಿ ಗಾಜಿನ ಹತ್ತಿರ ಬಂದವು. ಪರೀಕ್ಷೆಯಂತೂ ಮುಗಿಯಿತು, ಇನ್ನು ಹಾಕಬಹುದಲ್ಲ ಎಂದು ಅವಳು ಡಬ್ಬಿ ತೆರೆದು ಚಿಟಿಕೆ ಹಿಡಿಯಲು ನೋಡಿದಳು. ಪುಡಿ ಬೆರಳ ಸಂದಿಯಿಂದ ನೆಲಕ್ಕೆ ಸೋರಿತು. ಮತ್ತೆ ಹಿಡಿದಳು, ಮತ್ತೆ ಸೋರಿತು.

"ನೀನೇ ಹಾಕು ಅಕ್ಕ," ಎಂದಳು. "ನನ್ನ ಕೈ ಬೇಡ. ಇನ್ನೂ ಅಂಟಿದ್ರೆ?"

ನಾನು ಹಾಕಿದೆ. ಅವು ತಿಂದವು. ಅವಳು ದೂರದಲ್ಲಿ ನಿಂತು ನೋಡಿದಳು. ಆಗ ಇಬ್ಬರೂ ಅತ್ತೆವು. ಮನೆಗೆ ಬಂದ ಮೇಲೆ ಮಗಳು ಎತ್ತಿಕೋ ಎಂದು ಓಡಿ ಬಂದರೆ, ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

ಎರಡು ವಾರದ ನಂತರ ಅದೇ ಪರೀಕ್ಷೆ ಹೊಸದಾಗಿ ಶುರುವಾಯಿತು. ನೀಲಿ ಕ್ಯಾನು ಬಂದವು. ಈ ಸಲ ತೊಟ್ಟಿಗಳ ಕೋಣೆಯ ಬಾಗಿಲಲ್ಲಿ ಒಂದು ಡಬ್ಬ ರಬ್ಬರ್ ಗ್ಲೌಸು ಇಟ್ಟಿತ್ತು. ಮೇಲೆ ಗೋಡೆಗೆ ಚೀಟಿ ಅಂಟಿಸಿದ್ದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಮೀನುಗಳ ಸುರಕ್ಷತೆಗಾಗಿ, ತೊಟ್ಟಿ ಮುಟ್ಟುವ ಮುನ್ನ ಕಡ್ಡಾಯವಾಗಿ ಗ್ಲೌಸು ಹಾಕಿಕೊಳ್ಳುವುದು.

ಕ್ಯಾನು ತೊಳೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿತ್ತು. ಡಬ್ಬದಿಂದ ಒಂದು ಜೊತೆ ತೆಗೆದುಕೊಂಡು ಅಂಗಳಕ್ಕೆ ಹೊರಟರೆ ಸಾಹೇಬರು ಅಡ್ಡ ಬಂದರು.

"ಅದು ಕ್ಯಾನಿಗಲ್ಲಮ್ಮ, ತೊಟ್ಟಿಗೆ. ಅಲ್ಲಿ ಹೊಲಸು ಮಾಡಿಕೊಂಡು ಬಂದು ಇಲ್ಲಿ ಮುಟ್ಟಿದ್ರೆ ಮೀನು ಸಾಯ್ತವೆ."

"ಮತ್ತೆ ನಮ್ಮ ಕೈ ಸಾರ್?"

"ಪರೀಕ್ಷೆ ಮುಗೀಲಿ, ನೋಡೋಣ."

ಈ ಸಲ ನಾನು ಸುಮ್ಮನಿರಲಿಲ್ಲ. ಗ್ಲೌಸನ್ನು ಡಬ್ಬದೊಳಗೆ ಹಾಕಿ, ನಾನು ಕ್ಯಾನು ಮುಟ್ಟುವುದಿಲ್ಲ ಎಂದೆ. ಅಂಗಳಕ್ಕೆ ಹೋಗಿ, ಬಾಟಲಿ ತೊಳೆಯುವ ಅಜ್ಜಿಗೆ, ನೀರು ಹಿಡಿಯುವ ಇಬ್ಬರಿಗೆ, ಕಸದವಳಿಗೆ ತಿಳಿನೀರಿನ ನಾಲ್ಕು ಮೀನು ಹೇಗೆ ಸತ್ತವೆಂದು ಬಿಡಿಸಿ ಹೇಳಿದೆ. ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಜ್ಜಿ ತನ್ನ ಅಂಗೈ ಬಿಡಿಸಿ ಬಹಳ ಹೊತ್ತು ನೋಡಿಕೊಂಡಿತು. ನನಗೂ ಜುಮುಗುಟ್ಟುತ್ತದೆ, ವಯಸ್ಸಾಯಿತೇನೋ ಅಂದುಕೊಂಡಿದ್ದೆ ಎಂದಿತು.

ಸಾಹೇಬರು ಅಂಗಳಕ್ಕೆ ಬಂದು ಮೊದಲು ಮೆತ್ತಗೆ ಹೇಳಿದರು, ಆಮೇಲೆ ಗಟ್ಟಿಯಾಗಿ. ಎಲ್ಲರನ್ನೂ ಮನೆಗೆ ಕಳಿಸುತ್ತೇನೆ ಎಂದರು. ಕಳಿಸಿ ಎಂದಿತು ಅಜ್ಜಿ. ಕಂಪನಿಯವನು ಬರುವ ಹೊತ್ತಾಗಿತ್ತು, ಕ್ಯಾನುಗಳು ಬಾಯಿ ತೆರೆದುಕೊಂಡು ಅಲ್ಲೇ ಬಿದ್ದಿದ್ದವು. ನಾವು ಯಾರೂ ಕದಲಲಿಲ್ಲ. ಕೊನೆಗೆ ಸಾಹೇಬರೇ ಅಂಗಿಯ ತೋಳು ಮಡಚಿ ಒಂದು ಕ್ಯಾನು ಎತ್ತಲು ಬಗ್ಗಿದರು.

ಬಗ್ಗಿದವರು ಹಾಗೇ ತಡೆದರು. ನಮ್ಮ ಕಡೆ ನೋಡಲಿಲ್ಲ. ಒಳಗೆ ಹೋಗಿ ಗ್ಲೌಸು ಹಾಕಿಕೊಂಡು ಬಂದರು. ಎರಡು ಜೊತೆ, ಒಂದರ ಮೇಲೊಂದು.